ಪಿಟ್ಸ್‌ಬರ್ಗ್‌ಗೆ ಎರಡು ಸಲ

ನನ್ನ ತಮ್ಮನ ಮಗ ವೇಲನ್‌ನ ಹೆಸರನ್ನು ಡ್ರಾಫ್ಟಿನಲ್ಲಿ ಕೂಗಿದಾಗ ಅದನ್ನು ಕೇಳಿಸಿಕೊಂಡವಳು ಈ ಲಾರೆಲ್ ಗ್ಯಾಪ್ ಊರಿನಲ್ಲಿ ನಾನೊಬ್ಬಳೇ. ಅವನಪ್ಪ ಡೆಂಜಿಲ್ ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ವೇಲನ್ ಹಳ್ಳದ ಹತ್ತಿರ ಮೀನು ಹಿಡಿಯಲು ಹೋಗಿದ್ದ. ಕಂಪ್ಯೂಟರಿನ ಮುಂದೆ ಕೂತು ಕೂತು ಅವರಿಬ್ಬರಿಗೂ ಸಾಕಾಗಿತ್ತು. ಬೇಸ್‌ಬಾಲ್ ತಂಡದವರು ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಹೀಗೆ ಹೆಸರು ಕೂಗಿ ಹಂಚಿಕೊಳ್ಳುತ್ತಾರೆ. ಮೊದಲ ದಿನದ ಹುಡುಗರಿಗೆ ಟೀವಿ, ಹೊಸ ಟೋಪಿ, ಕೈಕುಲುಕಾಟ ಎಲ್ಲ ಇರುತ್ತದೆ. ಕೊನೆಯ ದಿನದ ಹೊತ್ತಿಗೆ ಯಾರೋ ಒಬ್ಬ, ಚರ್ಚಿನಲ್ಲಿ ಕಾಯಿಲೆ ಬಿದ್ದವರ ಹೆಸರು ಓದುವ ಹಾಗೆ, ಒಂದೇ ದನಿಯಲ್ಲಿ ಓದಿಕೊಂಡು ಹೋಗುತ್ತಾನೆ. ನಾನು ಬೀನ್ಸ್ ಕಾಳಿನಲ್ಲಿ ಕಲ್ಲು ಆರಿಸುತ್ತಾ ಕೇಳುತ್ತಿದ್ದೆ. ಮೂವತ್ತಮೂರನೇ ಸುತ್ತಿನಲ್ಲಿ "ಸ್ಟ್ಯಾಂಪರ್, ವೇಲನ್, ಔಟ್‌ಫೀಲ್ಡರ್, ಕೆಂಟಕಿ" ಎಂದ ಆ ಪುಣ್ಯಾತ್ಮ, ಉಸಿರೂ ಬಿಡದೆ ಮುಂದಿನ ಹೆಸರಿಗೆ ಹೋದ.

"ಲೋ ಡೆಂಜಿಲ್! ಏಳೋ! ಹುಡುಗನ ಹೆಸರು ಬಂತು!"

"ಯಾವ ಹುಡುಗ?"

"ನಿನ್ನ ಹುಡುಗ ಕಣೋ! ಎಷ್ಟು ಜನ ಇದಾರೆ ನಿಂಗೆ?"

ಅವನು ಎದ್ದು ಕೂತು, ಕಂಪ್ಯೂಟರನ್ನು ನೋಡಿ, "ಇನ್ನೊಂದ್ಸಲ ಓದ್ತಾರಾ ಅಕ್ಕ?" ಎಂದ.

"ಓದಲ್ಲ. ನೀನು ನಿದ್ದೆ ಮಾಡು."

ಅವನು ಬೂಟು ಹಾಕಿಕೊಂಡು ಹಳ್ಳದ ಕಡೆ ಹೋದ. ಅಲ್ಲಿ ಏನಾಯಿತೆಂದು ವೇಲನ್ ಆಮೇಲೆ ನಗುತ್ತಾ ಹೇಳಿದ: "ಅಪ್ಪ ಬಂದು ಪಕ್ಕದಲ್ಲಿ ಕೂತ್ಕೊಂಡ ಅತ್ತೆ. ಮೀನು ಬಿತ್ತಾ ಅಂದ. ಇಲ್ಲ ಅಂದೆ. ಸುಮಾರು ಹೊತ್ತು ಸುಮ್ನೆ ಕೂತಿದ್ದು ಆಮೇಲೆ, ನಿನ್ನ ಹೆಸರು ಕೂಗಿದ್ರಂತೆ, ಅಂದ."

ನನ್ನ ತಮ್ಮ ಇರುವುದೇ ಹಾಗೆ. ಕಲ್ಲಿದ್ದಲ ಗಣಿಯಲ್ಲಿ ಅರ್ಧ ಆಯಸ್ಸು ಕಳೆದವನು. ನೆಲದ ಒಳಗೆ ಮಾತು ಕಡಿಮೆ ಇರುತ್ತದಂತೆ, ಆ ಅಭ್ಯಾಸವನ್ನು ಮನೆಗೂ ತಂದುಕೊಂಡ. ಹೆಂಡತಿ ಲೋರ್ನಾ ಕಾಯಿಲೆಯಿಂದ ತೀರಿಕೊಂಡಾಗ ವೇಲನ್ ಇನ್ನೂ ಚಿಕ್ಕವನು. ನಾನು ರಸ್ತೆಯ ಆ ಬದಿಯ ಮನೆಯವಳು, ಸ್ಕೂಲ್ ಬಸ್ಸು ಓಡಿಸುತ್ತಿದ್ದೆ, ಮಕ್ಕಳಿರಲಿಲ್ಲ. ಹುಡುಗ ಬೆಳಗಿನ ತಿಂಡಿ ಅಲ್ಲಿ, ಊಟ ಇಲ್ಲಿ ಎಂದು ಎರಡು ಮನೆಯಲ್ಲಿ ಬೆಳೆದ. ನಮ್ಮ ಊರು ಎರಡು ಬೆಟ್ಟದ ನಡುವೆ ಸಿಕ್ಕಿಕೊಂಡಿದೆ. ಚಪ್ಪಟೆ ನೆಲವೆಂದರೆ ಹಿಂದೆ ಕಲ್ಲಿದ್ದಲು ಸುರಿಯುತ್ತಿದ್ದ ಅಂಗಳ ಒಂದೇ. ಬೇರೆ ಹುಡುಗರು ಬ್ಯಾಟು ಬೀಸಲು ಕಿತ್ತಾಡುತ್ತಿದ್ದರೆ, ವೇಲನ್ ಆ ಅಂಗಳದ ಕೊನೆಯಲ್ಲಿ ಬೆಟ್ಟಕ್ಕೆ ಬೆನ್ನು ಕೊಟ್ಟು ನಿಂತು, ಎತ್ತರಕ್ಕೆ ಹಾರಿ ಬರುವ ಚೆಂಡನ್ನು ಓಡಿ ಓಡಿ ಹಿಡಿಯುತ್ತಿದ್ದ. ಔಟ್‌ಫೀಲ್ಡರನ ಕೆಲಸ ಅಷ್ಟೇ. ಎಲ್ಲರಿಂದ ದೂರ ನಿಲ್ಲಬೇಕು, ಕಾಯಬೇಕು, ಬಂದಾಗ ಹಿಡಿಯಬೇಕು. ಅವನಪ್ಪನ ಮಗನಿಗೆ ಹೇಳಿ ಮಾಡಿಸಿದ ಕೆಲಸ.

ಹೆಸರು ಕೂಗಿದ ಮಾತ್ರಕ್ಕೆ ದೊಡ್ಡ ಲೀಗು ಸಿಕ್ಕಿತೆಂದು ಊರಿನವರು ತಿಳಿದರು. ಸಿಗುವುದೆಲ್ಲಿ ಬಂತು! ಅವನನ್ನು ತೆಗೆದುಕೊಂಡ ತಂಡ ಇರುವುದು ಪಿಟ್ಸ್‌ಬರ್ಗ್‌ನಲ್ಲಿ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಊರುಗಳ ಸಣ್ಣ ತಂಡಗಳು. ಹುಡುಗರು ತಳದಲ್ಲಿ ಸೇರಿ, ಬಸ್ಸಿನಲ್ಲಿ ಊರೂರು ಸುತ್ತಿ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಮೆಟ್ಟಿಲು ಹತ್ತಬೇಕು. ಹತ್ತದವರನ್ನು ವಸಂತದಲ್ಲಿ ಮನೆಗೆ ಕಳಿಸುತ್ತಾರೆ. ವೇಲನ್ ನಿಧಾನವಾಗಿ ಹತ್ತಿದ. ಒಂದು ಕೋಣೆಯಲ್ಲಿ ಐದು ಜನ ಮಲಗಿದರು. ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು ತಿಂದು ತಿಂದು ಅವನಿಗೆ ಆ ವಾಸನೆ ಕಂಡರಾಗದಂತಾಯಿತು. ಚಳಿಗಾಲದಲ್ಲಿ ಊರಿಗೆ ಬಂದಾಗ ನಾನು ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮಾಡಿ ಮುಂದಿಟ್ಟರೆ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಆ ಸಣ್ಣ ಆಟಗಳು ಟೀವಿಯಲ್ಲಿ ಬರುವುದಿಲ್ಲ. ರೇಡಿಯೋದವನೊಬ್ಬ ಹೇಳುತ್ತಾನೆ, ಅದನ್ನು ಫೋನಿನಲ್ಲಿ ಕೇಳಬಹುದು. ನಮ್ಮ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಹಾಗಾಗಿ ಡೆಂಜಿಲ್ ದಿನಾ ಸಂಜೆ ಟ್ರಕ್ ತೆಗೆದುಕೊಂಡು ಸ್ಮಶಾನದ ಗುಡ್ಡ ಹತ್ತುತ್ತಿದ್ದ. ಅಲ್ಲಿ ಮಾತ್ರ ಚೆನ್ನಾಗಿ ಸಿಗುತ್ತದೆ ಎನ್ನುತ್ತಿದ್ದ. ಚರ್ಚಿನ ಹತ್ತಿರವೂ ಚೆನ್ನಾಗಿಯೇ ಸಿಗುತ್ತದೆ, ನಾನೇ ನೋಡಿದ್ದೇನೆ. ಗುಡ್ಡದ ಮೇಲೆ ಲೋರ್ನಾಳ ಸಮಾಧಿ ಇದೆ. ಅದರ ಪಕ್ಕ ಟ್ರಕ್ ನಿಲ್ಲಿಸಿ, ಎರಡೂ ಕಿಟಕಿ ಇಳಿಸಿ, ಫೋನಿನ ದನಿ ಜಾಸ್ತಿ ಮಾಡಿ ಕೂರುತ್ತಿದ್ದ. ಇದನ್ನು ನಾನು ಯಾವತ್ತೂ ಬಾಯಿಬಿಟ್ಟು ಕೇಳಲಿಲ್ಲ.

ಪೆಟ್ರೋಲ್ ಬಂಕಿನ ಹೋಬರ್ಟ್ ಮಾತ್ರ ಸುಮ್ಮನಿರುವವನಲ್ಲ. ಟ್ರಕ್ ಕಂಡರೆ ಸಾಕು, "ಏನಯ್ಯಾ ಡೆಂಜಿಲ್, ನಿನ್ನ ಮಗ ಇನ್ನೂ ಬಸ್ಸಲ್ಲೇ ಇದಾನಾ? ಅಷ್ಟು ವರ್ಷ ನಿಮ್ಮಕ್ಕ ಓಡಿಸಿದ ಬಸ್ಸಲ್ಲಿ ಕೂತಿದ್ರೆ ಚಂದ್ರಲೋಕಕ್ಕೆ ಹೋಗ್ಬಹುದಾಗಿತ್ತು!" ಎನ್ನುತ್ತಿದ್ದ.

"ನೀನೂ ಹೋಗು, ಬರೋದು ಬೇಡ," ಎಂದು ಟ್ರಕ್ಕಿನ ಒಳಗಿಂದ ನಾನೇ ಬೈಯಬೇಕು. ಡೆಂಜಿಲ್ ಪೆಟ್ರೋಲಿನ ನಳಿಕೆ ಹಿಡಿದು ನಿಂತಿರುತ್ತಿದ್ದ, ಅಷ್ಟೇ.

ಹೀಗೆ ಆರು ವರ್ಷ ಹೋಯಿತು. ವೇಲನ್ ಓಹಾಯೊದ ತಂಡ ಸೇರಿದ. ಅದು ಕೊನೆಯ ಮೆಟ್ಟಿಲು, ಅದರ ಮೇಲೆ ಪಿಟ್ಸ್‌ಬರ್ಗ್ ಒಂದೇ. ಅಲ್ಲಿ ನಿಂತುಬಿಟ್ಟ. ಅವನಿಗಿಂತ ಚಿಕ್ಕ ಹುಡುಗರು ಬಂದರು, ನಾಲ್ಕು ತಿಂಗಳು ಇದ್ದರು, ಮೇಲಿನ ತಂಡಕ್ಕೆ ಹೋದರು. ಆ ಕ್ರಿಸ್‌ಮಸ್ಸಿಗೆ ಬಂದವನು ಊಟದ ಮಧ್ಯೆ ಹೇಳಿದ.

"ಇದೊಂದು ವರ್ಷ ನೋಡ್ತೀನಿ ಅತ್ತೆ. ಕರೆ ಬಂದ್ರೆ ಬಂತು. ಇಲ್ದಿದ್ರೆ ರಸ್ತೆ ಇಲಾಖೆಲಿ ಕೆಲಸ ಇದೆಯಂತೆ, ಸೇರ್ಕೊಂಡ್ಬಿಡ್ತೀನಿ."

ಡೆಂಜಿಲ್ ಇನ್ನೊಂದು ತುಂಡು ಬ್ರೆಡ್ಡನ್ನು ಮಗನ ತಟ್ಟೆಗೆ ಹಾಕಿದ. ಮಾರನೆಯ ಬೆಳಿಗ್ಗೆ ನನ್ನ ಮನೆಯ ಮುಂದಿನ ಹಿಮ ತೆಗೆಯಲು ಬಂದವನು ಸಲಿಕೆಯ ಮೇಲೆ ಕೈಯೂರಿ ನಿಂತ.

"ಒಂದೇ ಒಂದು ದಿನ ಸಾಕು ಅಕ್ಕ. ಅಲ್ಲಿ ಆ ಹುಲ್ಲಿನ ಮೇಲೆ ಅವ್ನು ನಿಂತಿರೋದನ್ನ ಒಂದು ದಿನ ನೋಡ್ಬೇಕು. ಆಮೇಲೆ ರಸ್ತೆಗೆ ಟಾರ್ ಹಾಕ್ಲಿ, ಏನಾದ್ರೂ ಮಾಡ್ಲಿ."

ನನ್ನ ತಮ್ಮ ತನಗಾಗಿ ಏನನ್ನಾದರೂ ಬೇಕೆಂದು ಕೇಳಿದ್ದು ನಾನು ಕಂಡಂತೆ ಅದೊಂದೇ. ಅಯ್ಯೋ ದೇವರೇ, ಇದೊಂದನ್ನು ಇವನಿಗೆ ಕೊಡಬಾರದೇ ಎಂದುಕೊಂಡೆ.

ಆಗಸ್ಟ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಟ್ರಕ್ಕಿನ ಹಾರ್ನ್ ಗುಡ್ಡದಿಂದ ಕೆಳಗಿನವರೆಗೂ ಒಂದೇ ಸಮನೆ ಕೂಗಿಕೊಂಡು ಬಂತು. ಬ್ರೇಕು ಹೋಯಿತೇನೋ ಎಂದು ನಾನು ಎದ್ದುಬಿದ್ದು ಹೊರಗೆ ಓಡಿದೆ. ಡೆಂಜಿಲ್ ಇಳಿದ. ಮುಖವೆಲ್ಲ ಕೆಂಪು.

"ತೆಗೆದ್ರು ಅಕ್ಕ! ಆಟದ ಮಧ್ಯೆ ತೆಗೆದ್ರು! ಹುಡುಗ್ರೆಲ್ಲ ಅವನ ಸುತ್ತ ನಿಂತು ಹೆಗಲ ಮೇಲೆ ಕೈ ಹಾಕಿದಾರಂತೆ! ಯಾಕೆ ಅಂತ ರೇಡಿಯೋದವನಿಗೂ ಗೊತ್ತಿಲ್ಲ!"

ಇದರ ಅರ್ಥ ನಮಗೆ ಗೊತ್ತು. ಬೇಸ್‌ಬಾಲ್ ಮನೆಯವರಿಗೆಲ್ಲ ಗೊತ್ತು. ಏಟೇನೂ ಬೀಳದ, ಹುಷಾರಾಗಿರುವ ಹುಡುಗನನ್ನು ಕೋಚ್ ಆಟದ ಮಧ್ಯೆ ಹೊರಗೆ ಕರೆದುಕೊಂಡರೆ, ದೊಡ್ಡ ತಂಡದಿಂದ ಫೋನ್ ಬಂದಿದೆ ಎಂದೇ ಲೆಕ್ಕ. ನಾಳೆ ಅಲ್ಲಿ ಆಡಬೇಕಾದವನು ಇವತ್ತು ಇಲ್ಲಿ ಕಾಲು ಉಳುಕಿಸಿಕೊಂಡಾನೆಂದು ತಕ್ಷಣ ಕೂರಿಸಿಬಿಡುತ್ತಾರೆ. ಜೊತೆಯ ಹುಡುಗರು ಅಪ್ಪಿಕೊಳ್ಳುತ್ತಾರೆ. ಈ ಅಪ್ಪುಗೆಗಾಗಿ ಡೆಂಜಿಲ್ ಏಳು ಬೇಸಿಗೆ ಗುಡ್ಡದ ಮೇಲೆ ಕಾದಿದ್ದ.

"ಅವನಿಗೆ ಫೋನ್ ಮಾಡಿದ್ಯೇನೋ?"

"ಮಾಡ್ದೆ. ಆಫ್ ಆಗಿದೆ. ವಿಮಾನದಲ್ಲಿರ್ತಾನೆ ಅಕ್ಕ. ನೀನು ಹೊರಡು, ನಾಳೆ ಸಾಯಂಕಾಲ ಅಲ್ಲಿ ಆಟ ಇದೆ."

ನಾನು ಇದ್ದ ಬಟ್ಟೆಯಲ್ಲೇ ಹೊರಟೆ. ಒಣಸೇಬಿನ ಕಡುಬು ಕರಿದಿಟ್ಟಿದ್ದೆ, ಅದನ್ನೊಂದು ಡಬ್ಬಿಗೆ ತುಂಬಿಕೊಂಡೆ. ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಡೆಂಜಿಲ್ ತಾನಾಗಿ ಹೋಬರ್ಟನ ಹತ್ತಿರ ಹೋಗಿ, "ಬಸ್ಸಿಂದ ಇಳಿದ ಕಣಯ್ಯಾ," ಎಂದ. ಹೋಬರ್ಟ್ ಬಾಯಿ ತೆರೆದವನು ತೆರೆದೇ ನಿಂತ. ಆಮೇಲೆ ಟೋಪಿ ಎಸೆದು ಕುಣಿದ. ನಾವು ರಸ್ತೆಗೆ ಇಳಿಯುವಷ್ಟರಲ್ಲಿ ಏಣಿ ತಂದು, ಬಂಕಿನ ದೊಡ್ಡ ಬೋರ್ಡಿನಲ್ಲಿದ್ದ ಅಕ್ಷರಗಳನ್ನೆಲ್ಲ ಕಿತ್ತು, 'ಭೇಷ್ ವೇಲನ್' ಎಂದು ಜೋಡಿಸುತ್ತಿದ್ದ. ದಾರಿಯುದ್ದಕ್ಕೂ ಡೆಂಜಿಲ್ ಮಾತಾಡಿದ. ನಮ್ಮ ಬೆಟ್ಟದ ಕಲ್ಲಿದ್ದಲೆಲ್ಲ ಪಿಟ್ಸ್‌ಬರ್ಗಿನ ಕುಲುಮೆಗಳಿಗೆ ಹೋಗಿ ಉರಿಯುತ್ತಿತ್ತೆಂದೂ, ಗಣಿಯಲ್ಲಿದ್ದ ನಮ್ಮಪ್ಪ ತಾನು ತೋಡಿದ್ದು ಎಲ್ಲಿಗೆ ಹೋಗುತ್ತದೆಂದು ನೋಡಲೇ ಇಲ್ಲವೆಂದೂ ಹೇಳಿದ. ಇವನಿಗೆ ಇಷ್ಟು ಮಾತು ಬರುತ್ತದೆಯೇ ಎಂದು ನಾನು ಕಣ್ಣು ಕಣ್ಣು ಬಿಟ್ಟೆ.

ದಾರಿಯಲ್ಲಿ ಒಂದು ಅಗ್ಗದ ಲಾಡ್ಜಿನಲ್ಲಿ ತಂಗಿ, ಸೋಮವಾರ ಬೆಳಿಗ್ಗೆ ಸ್ಟೇಡಿಯಂ ಮುಟ್ಟಿದೆವು. ಆಟಗಾರರ ಮನೆಯವರಿಗೆ ಟಿಕೆಟ್ ಕೊಡುವ ಕಿಟಕಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಹೆಸರು ಹೇಳಿದೆ. ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು, ಮತ್ತೆ ಹುಡುಕಿದಳು.

"ಅಮ್ಮಾ, ಸ್ಟ್ಯಾಂಪರ್ ಅಂತ ನಮ್ಮಲ್ಲಿ ಯಾರೂ ಇಲ್ಲ."

"ನಿನ್ನೆ ತಾನೇ ಬಂದಿದಾನೆ ಕಣಮ್ಮಾ. ಸರಿಯಾಗಿ ನೋಡು."

"ನಿನ್ನೆ ಯಾರೂ ಬಂದಿಲ್ಲ ಅಮ್ಮಾ," ಎಂದಳು. ಪಾಪ, ಅವಳ ದನಿಯೂ ಸಣ್ಣದಾಯಿತು.

ಅಷ್ಟರಲ್ಲಿ ಡೆಂಜಿಲ್‌ನ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ನನಗೂ ಕೇಳಲೆಂದು ಅವನು ದನಿ ಜೋರು ಮಾಡಿದ.

"ಅಪ್ಪಾ, ಬೆಳಿಗ್ಗೆಯಿಂದ ಮನೆಗೆ ಮಾಡ್ತಿದೀನಿ. ಎಲ್ಲಿದೀಯ?"

"ಪಿಟ್ಸ್‌ಬರ್ಗಲ್ಲಿ."

"ಅಲ್ಲಿ ಯಾಕೆ ಅಪ್ಪಾ?" ಎಂದ ವೇಲನ್. ಆಮೇಲೆ ಅವನಿಗೇ ಹೊಳೆಯಿತು. "ಅಯ್ಯೋ... ರೇಡಿಯೋ ಕೇಳಿದ್ಯಾ?"

"ಹ್ಞೂಂ."

"ಕರೆ ಬಂದಿದ್ದಲ್ಲ ಅಪ್ಪಾ. ಚೆಂಡು ಮೇಲಕ್ಕೆ ಹೊಡ್ದೆ. ನೆಟ್ಟಗೆ ಎದುರಾಳಿಯೊಬ್ಬನ ಕೈಗೇ ಹೋಗ್ತಿತ್ತು. ಹೇಗೂ ಹಿಡೀತಾನಲ್ಲ ಅಂತ ನಾನು ಓಡ್ಲಿಲ್ಲ, ನಡ್ಕೊಂಡು ಹೋದೆ. ಅವ್ನು ಚೆಂಡು ಕೈಚೆಲ್ಲಿದ. ಓಡಿದ್ರೆ ಅಷ್ಟರಲ್ಲಿ ಬೇಸ್ ಮುಟ್ಟಿ ಔಟಾಗದೆ ಉಳೀತಿದ್ದೆ. ಕೋಚ್ ಎಲ್ಲರೆದುರು ಬೈದು ಹೊರಗೆ ಕೂರಿಸಿದ. ಹುಡುಗ್ರು ಸಮಾಧಾನ ಮಾಡ್ತಿದ್ರು. ಮುಖ ತೋರ್ಸೋಕೆ ಆಗ್ಲಿಲ್ಲ, ಫೋನ್ ಆಫ್ ಮಾಡ್ಕೊಂಡೆ."

ನನಗೆ ನಖಶಿಖಾಂತ ಉರಿಯಿತು. ಫೋನ್ ಕಿತ್ತುಕೊಂಡು ಉಗಿದು ಉಪ್ಪಿನಕಾಯಿ ಹಾಕಬೇಕೆಂದು ಕೈ ಚಾಚಿದೆ. ಡೆಂಜಿಲ್ ಕೊಡಲಿಲ್ಲ. ಎದುರಿಗಿದ್ದ ಆ ದೊಡ್ಡ ಸ್ಟೇಡಿಯಮ್ಮಿನ ಗೋಡೆಯನ್ನು ನೋಡುತ್ತಾ ನಿಂತಿದ್ದ.

"ನಡ್ಕೊಂಡು ಹೋದ್ಯಾ?" ಎಂದ.

"ಹ್ಞೂಂ ಅಪ್ಪಾ."

"ಸರಿ. ಬಿಸಿಲು ಜಾಸ್ತಿ ಇದೆ ಇಲ್ಲಿ. ಹೊರಡ್ತೀವಿ."

ಬಂದದ್ದು ಬಂದೆವು, ಒಂದು ಆಟ ನೋಡಿಕೊಂಡಾದರೂ ಹೋಗೋಣವೆಂದೆ. "ಅವನಿಲ್ಲದ ಮೈದಾನ ನೋಡಿ ನಾನೇನ್ ಮಾಡ್ಲಿ ಅಕ್ಕ?" ಎಂದು ಟ್ರಕ್ ಹತ್ತಿದ. ವಾಪಸು ಬರುವಾಗ ಕಡುಬಿನ ಡಬ್ಬಿ ಮುಚ್ಚಿದಂತೆಯೇ ಇತ್ತು. ಊರು ಹತ್ತಿರ ಬಂದಂತೆ ನನಗೆ ಬಂಕಿನ ಬೋರ್ಡು ನೆನಪಾಯಿತು. ಆದರೆ ಸುದ್ದಿ ನಮಗಿಂತ ಮೊದಲೇ ಊರು ಸೇರಿತ್ತು. ಬೋರ್ಡಿನಲ್ಲಿ 'ಗಾಳದ ಹುಳ ಸಿಗುತ್ತದೆ' ಎಂದಿತ್ತು. ಹೋಬರ್ಟ್ ಬಾಗಿಲಲ್ಲೇ ನಿಂತಿದ್ದ. ಡೆಂಜಿಲ್‌ನನ್ನು ನೋಡಿ ಟೋಪಿ ಮುಟ್ಟಿಕೊಂಡ, ಒಂದು ಮಾತೂ ಕೆಣಕಲಿಲ್ಲ. ಅವನು ಕೆಣಕದೇ ಇದ್ದದ್ದೇ ಇನ್ನೂ ಹೆಚ್ಚು ನೋವು ಕೊಟ್ಟಿತು.

ಆ ವಾರ ವೇಲನ್ ನನಗೆ ಫೋನ್ ಮಾಡಿ, ಈಗಲೇ ಬಿಟ್ಟು ಬಂದುಬಿಡುತ್ತೇನೆಂದ. ಅವನಪ್ಪನಿಗಾಗಿ ತಡೆದುಕೊಂಡಿದ್ದನ್ನೆಲ್ಲ ಅವತ್ತು ಸುರಿದೆ.

"ಬರ್ತೀಯಾ? ಬಾರೋ, ಬಾ! ಬಂದು ನಿಮ್ಮಪ್ಪನ ಮುಖ ನೋಡು! ಸೀಸನ್ ಮುಗಿಯೋಕೆ ಇನ್ನೆಷ್ಟು ದಿನ ಇದೆ? ಅಲ್ಲೀವರೆಗೆ ಪ್ರತಿ ಚೆಂಡಿಗೂ ಓಡು. ಆಮೇಲೆ ಮನೆಗೆ ಬಾ, ಬೇಡ ಅನ್ನಲ್ಲ."

"ಅಪ್ಪ ಇನ್ನೂ ರೇಡಿಯೋ ಕೇಳ್ತಾನಾ ಅತ್ತೆ?"

"ನಿನ್ನೆ ಸಂಜೆನೂ ಗುಡ್ಡ ಹತ್ತಿದಾನೆ ಕಣೋ, ಕತ್ತೆ."

ಅವನು ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಓಹಾಯೊ ತಂಡದ ಕೊನೆಯ ವಾರವೂ ಬಂತು. ಅವನು ಬ್ಯಾಗು ಕಟ್ಟುತ್ತಿದ್ದಾನೆಂದು ನಾವು ತಿಳಿದಿದ್ದೆವು. ಗುರುವಾರ ನನ್ನ ಮನೆಯ ಫೋನ್ ಹೊಡೆಯಿತು.

"ಅತ್ತೆ, ಕರೆ ಬಂತು. ಈ ಸಲ ನಿಜ. ಮೇಲಿನ ತಂಡದಲ್ಲಿ ಇಬ್ಬರಿಗೆ ಪೆಟ್ಟಾಗಿದೆ, ಇನ್ನೊಬ್ಬನ ಹೆಂಡ್ತಿಗೆ ಹೆರಿಗೆ. ಅವ್ನು ಬರೋವರೆಗೆ ಮಾತ್ರ. ಶುಕ್ರವಾರ, ಶನಿವಾರ, ಭಾನುವಾರ. ಅಪ್ಪಂಗೆ ಹೇಳು."

ರಸ್ತೆ ದಾಟಿ ಹೋಗಿ ಹೇಳಿದೆ. ಡೆಂಜಿಲ್ ಕೊಡಲಿ ಮಸೆಯುತ್ತಿದ್ದವನು ತಲೆ ಎತ್ತಲಿಲ್ಲ.

"ಯಾರು ಹೇಳಿದ್ದು?"

"ಅವನೇ ಕಣೋ. ಅವನ ಬಾಯಿಂದಾನೇ ಕೇಳಿದೆ."

"ಆಡಿಸ್ತಾರಂತಾ?"

ಅದೇ ಪ್ರಶ್ನೆ. ಕರೆ ಬಂದ ಮಾತ್ರಕ್ಕೆ ಆಗುವುದಿಲ್ಲ. ಬೆಂಚಿನ ಮೇಲೆ ಕೂತು ಮೂರು ದಿನ ಕಳೆದು ವಾಪಸಾದರೆ, ದೊಡ್ಡ ಲೀಗಿನಲ್ಲಿ ಆಡಿದವರ ಪೈಕಿ ಅವನ ಹೆಸರಿರುವುದಿಲ್ಲ. ಆಟ ನಡೆಯುವಾಗ ಒಂದು ಸಲ ಮೈದಾನಕ್ಕೆ ಇಳಿದಿರಬೇಕು. ಹಾಗೆ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ಮನೆಗೆ ಬಂದ ಹುಡುಗರಿದ್ದಾರೆ. ಅವರ ಬಗ್ಗೆ ಬೇಸ್‌ಬಾಲ್ ಜನ ಸತ್ತವರ ಬಗ್ಗೆ ಮಾತಾಡುವಂತೆ ದನಿ ತಗ್ಗಿಸಿ ಮಾತಾಡುತ್ತಾರೆ.

ಈ ಸಲ ಹೋಬರ್ಟನಿಗೆ ಏನೂ ಹೇಳದೆ, ಪಕ್ಕದ ಊರಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಹೋದೆವು. ಕಿಟಕಿಯಲ್ಲಿ ಅದೇ ಹುಡುಗಿ. ನಮ್ಮನ್ನು ಕಂಡು ಅವಳ ಮುಖ ಬಿಳುಚಿಕೊಂಡಿತು. ಹೆಸರು ಹುಡುಕಿದಳು. ಆಮೇಲೆ ಕುರ್ಚಿಯಿಂದ ಎದ್ದು ನಿಂತೇ ಟಿಕೆಟ್ ಕೊಟ್ಟಳು.

ಶುಕ್ರವಾರ ವೇಲನ್ ಬೆಂಚಿನ ಮೇಲೆ ಕೂತಿದ್ದ. ನಮ್ಮ ಕಡೆ ನೋಡಿ ಒಂದು ಸಲ ಟೋಪಿ ಎತ್ತಿದ, ಅಷ್ಟೇ. ಶನಿವಾರವೂ ಕೂತಿದ್ದ. ಆಟ ಕೊನೆಯವರೆಗೂ ಬಿಗಿಯಾಗಿತ್ತು. ಅಂಥ ಹೊತ್ತಿನಲ್ಲಿ ಕೋಚ್ ಹೊಸಬನನ್ನು ಇಳಿಸುವುದಿಲ್ಲ. ನನ್ನ ತಾಳ್ಮೆ ತಪ್ಪಿತು.

"ಏ ಕೋಚಪ್ಪಾ! ಆ ಹುಡುಗನ್ನೇನು ಬೆಂಚಿಗೆ ಮೊಳೆ ಹೊಡ್ದು ಕೂರಿಸಿದೀಯಾ?" ಎಂದು ಕೂಗಿದೆ. ಸುತ್ತಲಿನವರು ನಕ್ಕರು.

"ಕೂತ್ಕೋ ಅಕ್ಕ," ಎಂದ ಡೆಂಜಿಲ್. ಅವನ ಕೈಯಲ್ಲಿದ್ದ ಕಾಗದದ ಲೋಟ ಹಿಂಡಿ ಹಿಪ್ಪೆಯಾಗಿತ್ತು.

ಭಾನುವಾರ ಮಧ್ಯಾಹ್ನ ಕೊನೆಯ ಆಟ. ಅವತ್ತು ನಮ್ಮ ತಂಡ ಆರಂಭದಿಂದಲೇ ಮುಂದಿತ್ತು. ಆಟ ಮುಂದುವರಿದಂತೆ ಅಂತರ ಹೆಚ್ಚಿತು. ಈಗ ಇಳಿಸುತ್ತಾರೆ, ಈಗ ಇಳಿಸುತ್ತಾರೆ ಎಂದು ಪ್ರತಿ ಸುತ್ತಿಗೂ ನಾನು ಕುರ್ಚಿಯ ತುದಿಗೆ ಬರುತ್ತಿದ್ದೆ. ಏಳನೇ ಸುತ್ತು ಹೋಯಿತು, ಎಂಟನೆಯದೂ ಹೋಯಿತು. ಉಳಿದದ್ದು ಒಂದೇ. ಎದುರಾಳಿಗಳ ಮೂರು ಜನ ಔಟಾದರೆ ಎಲ್ಲ ಮುಗಿಯಿತು. ನಮ್ಮ ತಂಡದವರು ಮೈದಾನಕ್ಕೆ ಓಡಿದರು. ವೇಲನ್ ಎದ್ದು ನಿಂತಿದ್ದ, ಆದರೆ ಓಡಲಿಲ್ಲ. ಡೆಂಜಿಲ್ ಕಣ್ಣು ಮುಚ್ಚಿಕೊಂಡ.

ಆಗ ಕೋಚ್ ಮೈದಾನದ ಎಡಗಡೆಯಲ್ಲಿದ್ದವನನ್ನು ಕೈಸನ್ನೆ ಮಾಡಿ ಹಿಂದಕ್ಕೆ ಕರೆದು, ವೇಲನ್‌ನ ಬೆನ್ನು ತಟ್ಟಿದ.

"ಡೆಂಜಿಲ್! ಕಣ್ಣು ಬಿಡೋ! ಇಳಿದ, ಇಳಿದ ಕಣೋ!"

ಮೈಕಿನಲ್ಲಿ ಅವನ ಹೆಸರು ಕೂಗಿದರು. ವೇಲನ್ ಆ ಅಗಲವಾದ ಹುಲ್ಲಿನ ಮೇಲೆ ಎಡ ಮೂಲೆಗೆ ಓಡಿದ. ಸಾವಿರಾರು ಜನರ ನಡುವೆ ನನ್ನ ತಮ್ಮ ಒಬ್ಬನೇ ಎದ್ದು ನಿಂತ. ಹಿಂದಿನವರು ಕೂತುಕೊಳ್ಳಿ ಎಂದರು. ನಾನು ತಿರುಗಿ ನೋಡಿದ ನೋಟಕ್ಕೆ ಸುಮ್ಮನಾದರು.

ಮೊದಲನೆಯವನು ಬ್ಯಾಟು ಬೀಸಿ ಬೀಸಿ ಔಟಾದ. ಎರಡನೆಯವನು ನೆಲದ ಮೇಲೆ ಹೊಡೆದು ಬಲಗಡೆ ಔಟಾದ. ಮೂರನೆಯವನು ಎತ್ತರಕ್ಕೆ ಹೊಡೆದ. ಚೆಂಡು ಎಡಕ್ಕೇ ಬರುತ್ತಿದೆ ಎಂದು ನಾನು ಕಿರುಚಿದೆ, ಆದರೆ ಅದು ವಾಲಿ ನಡುವಿನವನ ಕಡೆ ಹೋಯಿತು. ಅವನು ನಿಂತಲ್ಲೇ ಹಿಡಿದ. ಅವನ ಕೈ ತಪ್ಪಿದರೆ ತಾನಿರಬೇಕೆಂದು ವೇಲನ್ ಅಷ್ಟು ದೂರದಿಂದ ಓಡಿಬಂದು ಅವನ ಬೆನ್ನ ಹಿಂದೆ ನಿಂತಿದ್ದ. ಅಲ್ಲಿಗೆ ಆಟ ಮುಗಿಯಿತು. ದೊಡ್ಡ ಲೀಗಿನಲ್ಲಿ ವೇಲನ್ ಮುಟ್ಟಿದ ಚೆಂಡು ಒಂದೂ ಇಲ್ಲ.

ಆಟಗಾರರು ಹೊರಬರುವ ಬಾಗಿಲಲ್ಲಿ ಕಾದೆವು. ವೇಲನ್ ಒದ್ದೆ ತಲೆಯಲ್ಲಿ, ಹೆಗಲಿಗೆ ಬ್ಯಾಗು ಹಾಕಿಕೊಂಡು ಬಂದ. ಅಪ್ಪನ ಎದುರು ನಿಂತು ನೆಲ ನೋಡಿದ.

"ನಾಳೆ ಅವ್ನು ವಾಪಸ್ ಬರ್ತಾನೆ. ನಂದು ಮುಗೀತು," ಎಂದ. "ನಿಮ್ಮನ್ನ ಎರಡೆರಡು ಸಲ ಇಷ್ಟು ದೂರ ಓಡಾಡಿಸ್ದೆ. ನನ್ನ ಕಡೆ ಒಂದು ಚೆಂಡೂ ಬರ್ಲಿಲ್ಲ ಅಪ್ಪಾ."

ಡೆಂಜಿಲ್ ಟೋಪಿ ತೆಗೆದು, ತಲೆ ಕೆರೆದುಕೊಂಡು, ಮತ್ತೆ ಹಾಕಿಕೊಂಡ.

"ಹೇಗೆ ಬರುತ್ತೋ? ನೀನು ಅಲ್ಲಿ ನಿಂತಿರೋದು ಕಂಡ್ರಲ್ಲ. ಆ ಕಡೆ ಹೊಡೆಯೋಕೆ ಅವರಿಗೇನು ಹುಚ್ಚಾ?"

ಹುಟ್ಟಿದಾಗಿನಿಂದ ನೋಡಿದ್ದೇನೆ, ನನ್ನ ತಮ್ಮ ತಮಾಷೆ ಮಾಡಿದ್ದು ಅದೇ ಮೊದಲು. ವೇಲನ್‌ಗೂ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವನು ಜೋರಾಗಿ ನಕ್ಕ. ನಗುನಗುತ್ತಲೇ ಅಷ್ಟು ಎತ್ತರದ ಗಂಡಸು ಬಗ್ಗಿ ಅಪ್ಪನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಡೆಂಜಿಲ್‌ಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಮಗನ ಬೆನ್ನ ಮೇಲಿಟ್ಟು, ಅವನ ಹೆಗಲ ಮೇಲಿಂದ ನನ್ನನ್ನು ನೋಡಿದ. ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಅಕ್ಕ, ಹುಡುಗ ಊಟ ಮಾಡಿಲ್ಲ ಅನ್ಸುತ್ತೆ," ಎಂದ.

ಮೂವರೂ ಹೋಟೆಲ್ ಹುಡುಕಿಕೊಂಡು ನಡೆದೆವು.